280 ಝಡ್ ಮ್ಯಾನಿಫೋಲ್ಡ್: ರನ್ನರ್ ಕೊಯ್ಸೂದು ಬ್ಯಾಡ

ನಿಮ್ಮ ಡಾಟ್ಸನ್ 280 ಝಡ್‌ನ ಇಂಟೇಕ್ ಮ್ಯಾನಿಫೋಲ್ಡ್ ರನ್ನರ್ (ಸಿಲಿಂಡರಿಗೆ ಗಾಳಿ ಒಯ್ಯೂ ಕೊಳವಿ) ಗಿಡ್ಡ ಮಾಡಿ 60 ಎಂಎಂ ಥ್ರಾಟಲ್ ಬಾಡಿ (ಪೆಡಲ್ ಒತ್ತಿದಂಗ ಗಾಳಿ ಬಿಡೂ ಕವಾಟ) ಕೂಡ್ರಿಸಿದ್ರ ಪವರ್ ಏರ್ತೈತೇನು, ಬೆಳಗಾವಿ ಉದ್ಯಮಬಾಗದಾಗ ಮಾಡಿಸಬಹುದೇನು ಅಂತ ಕೇಳೀರಿ. ಕೆಲಸ ಆಗ್ತೈತಿ, ಆದ್ರ ರನ್ನರ್ ಮುಟ್ಟಬ್ಯಾಡ್ರಿ. ಗಿಡ್ಡ ರನ್ನರ್‌ನ ಲಾಭ ಏನಿದ್ರೂ ಮ್ಯಾಲಿನ ಆರ್‌ಪಿಎಂದಾಗ, ಕಂಪನಿಯಿಂದ ಬಂದ ಸ್ಟಾಕ್ ಕ್ಯಾಮ್‌ಗೆ (ವಾಲ್ವ್ ತಗಿಯೂ ದಂಡ) ಅಲ್ಲಿ ದಮ್ ಇಲ್ಲ. ಚೋರ್ಲಾ ಘಾಟ್ ಏರುವಾಗ ಬೇಕಾಗೂದು ನಡುವಿನ ಟಾರ್ಕ್, ಅದನ್ನ ಕೊಡೂದು ಉದ್ದ ರನ್ನರ್. ದೊಡ್ಡ ಥ್ರಾಟಲ್ ಹಾಕಿದ್ರ ಪೆಡಲ್ ಚುರುಕ ಅನಸ್ತೈತಿ, ಅಷ್ಟ.

ರೊಕ್ಕ ಹಾಕೂದಿದ್ರ ಪೋರ್ಟ್ ಮ್ಯಾಚಿಂಗ್‌ಗೆ (ಮ್ಯಾನಿಫೋಲ್ಡ್, ಹೆಡ್ ಎರಡರ ತೂತು ಸರಿ ಕೂಡಿಸೂದು), ಫ್ಲ್ಯಾಂಜ್‌ಗೆ (ಹೆಡ್ಡಿಗೆ ಒತ್ತಿ ಕೂಡೂ ಚಪ್ಪಟ ಅಂಚು) ಹಾಕ್ರಿ. ಈ ಗಾಡಿಯ ಎಲ್28 ಇಂಜಿನ್ನಿನಾಗ ಇಂಟೇಕ್, ಎಕ್ಸಾಸ್ಟ್ ಎರಡೂ ಒಂದ ಬಾಜು, ಗ್ಯಾಸ್ಕೆಟ್ಟೂ ಒಂದ. ಕೆಲವು ಸ್ಟಡ್‌ನ ದಪ್ಪ ವಾಶರ್ ಎರಡೂ ಫ್ಲ್ಯಾಂಜ್ ಕೂಡಿಸೇ ಒತ್ತಿ ಹಿಡೀತಾವ. ಮಿಲ್ಲಿಂಗ್‌ನವ ಇಂಟೇಕ್ ಬಾಜು ಅಷ್ಟ ಅರ್ಧ ಎಂಎಂ ತಗದ್ರ ವಾಶರ್ ಓರೆ ಕೂಡ್ತೈತಿ, ಅಲ್ಲೇ ಗಾಳಿ ಎಳೀತೈತಿ. ಮುಂದ ನಿಂತು ಎರಡೂ ಫ್ಲ್ಯಾಂಜಿನ ದಪ್ಪಾನೂ ವರ್ನಿಯರ್ ಹಚ್ಚಿ ಅಳಸ್ರಿ. ("ಸಾಹೇಬ್ರ, ನಡೀತೈತಿ" ಅಂದ್ರ ನಡೆಯೂದಿಲ್ಲ ಅಂತ ತಿಳ್ಕೋರಿ.)

ಕಾರ್ಬ್ಯುರೇಟರ್ ಗಾಡಿ ಸಣ್ಣ ಸೋರಿಕೆ ಸಹಿಸ್ತೈತಿ, ಇದು ಸಹಿಸೂದಿಲ್ಲ. ಇದರ ಎಲ್-ಜೆಟ್ರಾನಿಕ್ ಮಾದರಿ ಪೆಟ್ರೋಲ್ ಇಂಜೆಕ್ಷನ್, ಗಾಳಿ ಅಳಿಯೂ ಫ್ಲ್ಯಾಪ್ ಮೀಟರ್ ದಾಟಿದ ಗಾಳಿ ಅಷ್ಟ ಲೆಕ್ಕ ಹಾಕ್ತೈತಿ. ಮೀಟರ್ ದಾಟಿದ ಮ್ಯಾಲ ಸೋರಿಕೆಯಿಂದ ನುಗ್ಗಿದ ಗಾಳಿ ಮಿಕ್ಸ್ಚರ್ ಲೀನ್ ಮಾಡ್ತೈತಿ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮಿ). ಆಯಿಲ್ ಕ್ಯಾಪಿನ ವಾಶರ್ ಒಣಗಿ ಅಲ್ಲಿಂದ ಗಾಳಿ ನುಗ್ಗಿದ್ರೂ ಐಡಲ್ ಕುಣೀತೈತಿ.

ಥ್ರಾಟಲ್‌ಗೆ ಅಡಾಪ್ಟರ್ ವೆಲ್ಡ್ ಮಾಡಸೂದಾದ್ರ ಟಿಗ್ (ಅಲ್ಯೂಮಿನಿಯಂ ವೆಲ್ಡಿಂಗ್) ಹೊಡಿಯೂ ಮುಂಚೆ ಮ್ಯಾನಿಫೋಲ್ಡ್ ಎರಕದಾಗಿನ ಹಳೇ ಎಣ್ಣಿ ಪೂರಾ ತಗಸ್ರಿ, ಬಿಸಿಗೆ ಸೊಟ್ಟ ಆಗದಂಗ ದಪ್ಪ ಪ್ಲೇಟಿಗೆ ಬೋಲ್ಟ್ ಬಿಗಿದು ವೆಲ್ಡ್ ಮಾಡಸ್ರಿ. ಏನ ಮಾಡೂದಿದ್ರೂ ಮೊದಲ ಇಂಟೇಕಿನಾಗ ಹೊಗಿ ಬಿಟ್ಟು ಸೋರಿಕೆ ನೋಡ್ರಿ, ಆಮ್ಯಾಲ ಮಿಲ್ಲಿಂಗ್, ವೆಲ್ಡಿಂಗ್ ಮಾತು.