ಎಂಟು ಇಂಚೇ ಸಾಕು

ಸೊಪ್ಪು, ಈರುಳ್ಳಿ, ಕೋಳಿ ಎಲ್ಲಕ್ಕೂ ಆಗೋ ಒಂದೇ ಚಾಕು, ಜಾಸ್ತಿ ದುಡ್ಡು ಬೇಡ, ಅಲಗು ಎಂಟು ಇಂಚೋ ಹತ್ತೋ ಅಂತ ಕೇಳಿದ್ದೀರಿ. ಮನೆಗೆ ಎಂಟೇ ಸಾಕು. ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ ಫೈಬ್ರಾಕ್ಸ್ ಚಾಕು ತಗೊಳ್ಳಿ. ಪ್ಲಾಸ್ಟಿಕ್ ಹಿಡಿ, ನೋಡೋಕೆ ಸಾಧಾರಣ, ಆದರೆ ಒದ್ದೆ ಕೈಗೂ ಜಾರಲ್ಲ. ಉಕ್ಕಿನ ಗಡಸು ರಾಕ್‌ವೆಲ್ (ಗಡಸು ಅಳೆಯೋ ಮಾನ) 55–56ರ ಆಸುಪಾಸು, ಅಂದರೆ ಸ್ವಲ್ಪ ಮೆದು. ಹಾಗಾಗಿ ಜಪಾನಿ ಚಾಕುಗಳಿಗಿಂತ ಬೇಗ ಮೊಂಡಾಗುತ್ತೆ, ಆದರೆ ಸುಲಭಕ್ಕೆ ಚಕ್ಕೆ ಏಳಲ್ಲ, ಮಸೆಯೋದೂ ಸಲೀಸು.

ಮಸೆಯೋಕೆ 1000 ಗ್ರಿಟ್ (ಕಲ್ಲಿನ ನಯದ ಅಳತೆ) ಸಾಣೆಕಲ್ಲು ನೀರಲ್ಲಿ ನೆನೆಸಿ, ಅಲಗನ್ನು 15 ಡಿಗ್ರಿ ಓರೆ ಹಿಡಿಯಿರಿ. ಬೆನ್ನು ಕಲ್ಲಿನಿಂದ ಒಂದೂಕಾಲು ಸೆಂಟಿಮೀಟರ್ ಎದ್ದಿದ್ದರೆ ಸರಿ. ಆಚೆ ಬದಿಯ ಅಂಚಿನಲ್ಲಿ ಬೆರಳಿಗೆ ತರಿತರಿ ಸಿಕ್ಕಿದ ಮೇಲೇ ಮಗ್ಗುಲು ಬದಲಿಸಿ. ಅವಸರಪಟ್ಟು ಇಲ್ಲೇ ಎಲ್ಲರೂ ಎಡವೋದು.

ಗ್ರಾನೈಟ್ ಕಟ್ಟೆ ಮೇಲೆ ನೇರ ಹೆಚ್ಚಬೇಡಿ, ಮರದ ಮಣೆ ಇಡಿ. ಕೋಳಿ ಮೂಳೆ, ತೆಂಗಿನಕಾಯಿಗೆ ಮಚ್ಚೇ ಇರಲಿ.