ಬೂಷ್ಟು ಹಿಡಿದ ಜೋಳದ ಪರೀಕ್ಷೆ

ಪ್ರಶ್ನೆ: ಮುಸುಕಿನ ಜೋಳದ ತೆನೆ ಮುರಿದು ಕಣದಲ್ಲಿ ಹಾಕಿದ್ದಾಗ ಮಳೆ ಹಿಡಿದು, ಕೆಲವು ತೆನೆಗಳಿಗೆ ಹಳದಿ ಮಿಶ್ರಿತ ಹಸಿರು ಬೂಷ್ಟು ಬಂದಿತ್ತು. ಈಗ ಕಾಳು ಬಿಡಿಸಿ ಚೀಲಕ್ಕೆ ತುಂಬಿದ್ದೇವೆ. ಒಂದು ಹಿಡಿ ಕಾಳನ್ನು ಪರೀಕ್ಷೆಗೆ ಕಳುಹಿಸಿದರೆ ವಿಷವಿದೆಯೇ ಎಂಬುದು ತಿಳಿಯುತ್ತದೆಯೇ? ಬಿಸಿಲಿಗೆ ಒಣಗಿಸಿ ಹಸುಗಳಿಗೆ ಹಾಕಬಹುದೇ?
– ಓದುಗರೊಬ್ಬರು, ಬೇಲೂರು ತಾಲ್ಲೂಕು

ಉತ್ತರ: ದಯವಿಟ್ಟು ಒಂದು ಹಿಡಿ ಕಾಳನ್ನು ಕಳುಹಿಸಬೇಡಿ. ನೀವು ಹೇಳುವ ಬಣ್ಣದ ಬೂಷ್ಟು ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರವಾಗಿರುವ ಸಾಧ್ಯತೆಯಿದೆ. ಅದು ಉತ್ಪಾದಿಸುವ ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ವಿಷ. ಧಾನ್ಯಗಳಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವು ಒಪ್ಪುವ ಗರಿಷ್ಠ ಪ್ರಮಾಣ ಕಿಲೋಗ್ರಾಂಗೆ 15 ಮೈಕ್ರೋಗ್ರಾಂ, ಅಂದರೆ ಒಂದು ಟನ್ ಕಾಳಿನಲ್ಲಿ ಕೇವಲ 15 ಮಿಲಿಗ್ರಾಂ. ಈ ವಿಷ ರಾಶಿಯಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ. ನೂರಾರು ಕಾಳು ಶುದ್ಧವಾಗಿದ್ದು, ನಡುವೆ ಸಿಗುವ ಒಂದೇ ಕಾಳಿನಲ್ಲಿ ಮಿತಿಯ ಸಾವಿರಾರು ಪಟ್ಟು ವಿಷವಿರಬಹುದು. ಆ ಕಾಳು ನಿಮ್ಮ ಹಿಡಿಗೆ ಬಾರದಿದ್ದರೆ ವರದಿ ನಿರ್ದೋಷವೆನ್ನುತ್ತದೆ, ಬಂದರೆ ಇಡೀ ರಾಶಿಯೇ ಕೆಟ್ಟಿದೆಯೆನ್ನುತ್ತದೆ, ಎರಡನ್ನೂ ನಂಬುವಂತಿಲ್ಲ. ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ಮಾದರಿಯಲ್ಲಾದ ತಪ್ಪನ್ನು ಅದು ತಿದ್ದಲಾರದು. ಪರೀಕ್ಷೆಯ ಬಹುಪಾಲು ದೋಷ ಹುಟ್ಟುವುದು ಇಲ್ಲಿಯೇ.

ಆದ್ದರಿಂದ ಪ್ರತಿ ಚೀಲದ ಮೇಲ್ಭಾಗ, ನಡು ಮತ್ತು ತಳದಿಂದ ಸ್ವಲ್ಪ ಸ್ವಲ್ಪ ಕಾಳು ತೆಗೆದು, ಬೂಷ್ಟು ಕಂಡದ್ದನ್ನು ಆರಿಸಿ ಬಿಸಾಡದೆ, ಆರಿಸಿ ಸೇರಿಸದೆ, ಎಲ್ಲವನ್ನೂ ಕೂಡಿಸಿ ಐದು ಕಿಲೋಗ್ರಾಂಗೆ ಕಡಿಮೆಯಾಗದಂತೆ ಒಣ ಬಟ್ಟೆಯ ಅಥವಾ ಕಾಗದದ ಚೀಲದಲ್ಲಿ ಕೊಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಾಳು ಬೆವರಿ, ದಾರಿಯಲ್ಲೇ ಬೂಷ್ಟು ಹೆಚ್ಚಬಹುದು. ಅಷ್ಟನ್ನೂ ನುಣ್ಣಗೆ ಬೀಸಿ ಬೆರೆಸಿದ ಮೇಲೆಯೇ ಪರೀಕ್ಷೆಗೆ ಹಿಟ್ಟು ತೆಗೆಯಬೇಕೆಂದು ಪ್ರಯೋಗಾಲಯದವರಲ್ಲಿ ಕೇಳಿಕೊಳ್ಳಿ. ಪಟ್ಟಿಯ ಮೇಲೆ ಗೆರೆ ಮೂಡಿಸುವ ತ್ವರಿತ ಪರೀಕ್ಷೆ ಮತ್ತು ಪ್ರತಿಕಾಯಗಳ ನೆರವಿನಿಂದ ವಿಷವನ್ನು ಗುರುತಿಸುವ ಎಲೈಸಾ ಪರೀಕ್ಷೆ ಮೊದಲ ಹಂತದ ತಪಾಸಣೆಗೆ ಸಾಕು. ಮಿತಿಯ ಆಸುಪಾಸಿನ ಫಲಿತಾಂಶವನ್ನು, ವಿಷವನ್ನು ಬೇರ್ಪಡಿಸಿ ನಿಖರವಾಗಿ ಅಳೆಯುವ ಎಚ್‌ಪಿಎಲ್‌ಸಿ ವಿಧಾನದಿಂದ ದೃಢಪಡಿಸಿಕೊಳ್ಳಬೇಕು. ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆಯಿರುವ ಪ್ರಯೋಗಾಲಯವನ್ನೇ ಆರಿಸಿಕೊಳ್ಳಿ.

ಜೊತೆಗೆ ಫ್ಯೂಮೋನಿಸಿನ್ ಪರೀಕ್ಷೆಯನ್ನೂ ಕೇಳಿ. ಇದು ಫ್ಯುಸೇರಿಯಂ ಎಂಬ ಬೇರೆ ಶಿಲೀಂಧ್ರದ ವಿಷವಾದ್ದರಿಂದ ಅಫ್ಲಾಟಾಕ್ಸಿನ್ ವರದಿಯಲ್ಲಿ ಕಾಣುವುದಿಲ್ಲ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ ಮತ್ತು ಮುಸುಕಿನ ಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಂಡದ್ದು ಇದೇ ವಿಷದಿಂದ.

ಹಸುಗಳಿಗೆ ಹಾಕುವ ಯೋಚನೆಯನ್ನು ಫಲಿತಾಂಶ ಬರುವವರೆಗೆ ಖಂಡಿತ ಬಿಡಿ. ಒಣಗಿಸಿದರೆ ಬೂಷ್ಟಿನ ಬೆಳವಣಿಗೆ ನಿಲ್ಲುತ್ತದೆ, ಆಗಲೇ ಸೇರಿದ ವಿಷ ಹೋಗುವುದಿಲ್ಲ; ಬೇಯಿಸಿದರೂ ಹುರಿದರೂ ಅದು ಪೂರ್ತಿ ನಾಶವಾಗದು. ಹಸು ತಿಂದ ಅಫ್ಲಾಟಾಕ್ಸಿನ್‌ನ ಒಂದು ಪಾಲು ಎಂ1 ಎಂಬ ರೂಪದಲ್ಲಿ ಹಾಲಿಗೆ ಇಳಿಯುತ್ತದೆ, ಹಾಲು ಕಾಯಿಸಿದರೂ ಉಳಿಯುತ್ತದೆ. ಹಾಲಿನಲ್ಲಿ ಇದರ ಮಿತಿ ಕಿಲೋಗ್ರಾಂಗೆ 0.5 ಮೈಕ್ರೋಗ್ರಾಂ ಮಾತ್ರ. ಆ ಹಾಲನ್ನು ಮೊದಲು ಕುಡಿಯುವುದು ನಿಮ್ಮ ಮನೆಯ ಮಕ್ಕಳೇ ಅಲ್ಲವೇ?

ಮಾದರಿ ತೆಗೆದ ಕೂಡಲೇ ಉಳಿದ ಕಾಳನ್ನು ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ, ತೇವಾಂಶ ಶೇ 13ಕ್ಕಿಂತ ಕೆಳಗಿಳಿಯುವಂತೆ ಒಣಗಿಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಜೋಡಿಸಿಡಿ. ಹಸಿಯಾಗಿಯೇ ಬಿಟ್ಟರೆ, ವರದಿ ನಿಮ್ಮ ಕೈಸೇರುವ ಹೊತ್ತಿಗೆ ರಾಶಿಯಲ್ಲಿರುವ ವಿಷ ಅದರಲ್ಲಿ ಬರೆದಿರುವುದಕ್ಕಿಂತ ಹೆಚ್ಚಾಗಿರಬಹುದು.