ಬಾರದ ಹಣದ ಮೇಲೆ ಮಾಡಿದ ಸಾಲ

ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳ ಸಾಲ, ದಿವಾಳಿ, ಲೆಕ್ಕಪತ್ರಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಟಿವಿ ಹಕ್ಕು, ಟಿಕೆಟ್, ಜೆರ್ಸಿ ಎಂದು ಇಂಗ್ಲೆಂಡಿನ ಕ್ಲಬ್ಬುಗಳಿಗೆ ಕೋಟಿಗಟ್ಟಲೆ ಪೌಂಡ್ ಬರುತ್ತದೆ. ಆದರೂ ಅವು ಪಾಪರಾಗುವುದು ಹೇಗೆ?
– ಸಾಗರದ ಓದುಗರು

ಉತ್ತರ: ಆದಾಯ ಸಾಲದೆ ಪಾಪರಾದ ದೊಡ್ಡ ಕ್ಲಬ್ ಅಪರೂಪ. ಬರಬಹುದಾದ ಹಣವನ್ನು ಬಂದೇಬಿಟ್ಟಿತು ಎಂದು ಲೆಕ್ಕ ಹಿಡಿದು, ಅದರ ಭರವಸೆಯಲ್ಲಿ ಸಂಬಳದ ಕರಾರು ಮಾಡಿಕೊಂಡು ಮುಳುಗಿದವೇ ಹೆಚ್ಚು. ಲೀಡ್ಸ್ ಯುನೈಟೆಡ್ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ವಿವರಕ್ಕೆ ಇಳಿದರೆ ಅದರಿಂದ ಕಲಿಯುವುದು ಈಗಲೂ ಬಹಳ ಇದೆ.

ಪೀಟರ್ ರಿಡ್ಸ್‌ಡೇಲ್ ಅಧ್ಯಕ್ಷರಾಗಿದ್ದಾಗ, 2000ದ ನವೆಂಬರಿನಲ್ಲಿ, ಲೀಡ್ಸ್ 1.8 ಕೋಟಿ ಪೌಂಡ್ ಕೊಟ್ಟು ರಿಯೊ ಫರ್ಡಿನಾಂಡ್‌ರನ್ನು ಕೊಂಡಿತು. 2001ರಲ್ಲಿ ತಂಡ, ಯುರೋಪಿನ ಅಗ್ರ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್ ತಲುಪಿ ವಲೆನ್ಸಿಯಾ ಎದುರು ಸೋತಿತು. ಅದೇ ವರ್ಷ ಕ್ಲಬ್ಬು ಮುಂದೆ ಬರಲಿರುವ ಟಿಕೆಟ್ ಆದಾಯವನ್ನು ಒತ್ತೆಯಿಟ್ಟು, 25 ವರ್ಷಗಳ ಅವಧಿಗೆ 6 ಕೋಟಿ ಪೌಂಡ್ ಸಾಲ ಎತ್ತಿತು. ಅಡಿಕೆ ತೋಟವನ್ನು ವರ್ಷಗಟ್ಟಲೆ ಚೇಣಿಗೆ ಕೊಟ್ಟು ಮುಂಗಡ ತಂದು ಖರ್ಚು ಮಾಡಿದವರ ಸ್ಥಿತಿ ನಿಮ್ಮ ಕಡೆಯವರಿಗೆ ಗೊತ್ತು: ಫಸಲು ಚೆನ್ನಾಗಿ ಬಂದರೂ ಅದು ಮನೆಗೆ ಬರುವುದಿಲ್ಲ. ಲೀಡ್ಸ್‌ನದೂ ಅದೇ ಆಯಿತು.

ಈ ಲೆಕ್ಕ ನಿಂತಿದ್ದು ಪ್ರತಿ ವರ್ಷ ಚಾಂಪಿಯನ್ಸ್ ಲೀಗ್ ಆಡುತ್ತೇವೆ ಎಂಬ ನಂಬಿಕೆಯ ಮೇಲೆ. 2001ರಲ್ಲಿ ಆ ಟೂರ್ನಿಯಲ್ಲಿ ಇಂಗ್ಲೆಂಡಿಗೆ ಮೂರು ಸ್ಥಾನ ಇದ್ದವು, ದೇಶದ ಲೀಗಿನಲ್ಲಿ ಲೀಡ್ಸ್ ನಾಲ್ಕನೆಯದಾಯಿತು. 2002ರಲ್ಲಿ ನಾಲ್ಕು ಸ್ಥಾನ ಇದ್ದವು, ಲೀಡ್ಸ್ ಐದನೆಯದಾಯಿತು. ಎರಡು ಸಲವೂ ತಪ್ಪಿದ್ದು ಒಂದೇ ಸ್ಥಾನದಿಂದ. ಆಟಗಾರರ ಕರಾರು ನಾಲ್ಕೈದು ವರ್ಷದ್ದು, ಅದು ಕದಲುವುದಿಲ್ಲ. ಆದಾಯವೋ ವರ್ಷವರ್ಷವೂ ಫಲಿತಾಂಶವನ್ನು ನೋಡಿಕೊಂಡು ಬರುವಂಥದ್ದು. ಈ ಅಂತರವನ್ನು ತುಂಬಲು ಆಟಗಾರರನ್ನು ಮಾರಲು ಹೊರಟರೆ, ಕೊಳ್ಳುವವರಿಗೆ ನಿಮ್ಮ ಇಕ್ಕಟ್ಟು ಗೊತ್ತಾಗಿ ಬೆಲೆ ಇಳಿಯುತ್ತದೆ. ರಾಬಿ ಫೌಲರ್ 2003ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಹೋದ ಮೇಲೂ ಅವರ ಸಂಬಳದ ಒಂದು ಭಾಗವನ್ನು ಲೀಡ್ಸೇ ಕೊಡಬೇಕಾಯಿತು. 2004ರಲ್ಲಿ ತಂಡ ಇಂಗ್ಲೆಂಡಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು. ಅದೇ ವರ್ಷ ಎಲ್ಲಂಡ್ ರೋಡ್ ಕ್ರೀಡಾಂಗಣವೂ ತರಬೇತಿ ಮೈದಾನವೂ ಮಾರಾಟವಾದವು. 2007ರಲ್ಲಿ ಅಡ್ಮಿನಿಸ್ಟ್ರೇಶನ್ (ದಿವಾಳಿ ತಜ್ಞರ ಆಡಳಿತ), ಮೂರನೆಯ ದರ್ಜೆಗೆ ಕುಸಿತ. ಪ್ರೀಮಿಯರ್ ಲೀಗಿಗೆ ಮರಳಿದ್ದು 2020ರಲ್ಲಿ.

ಕರಾರಿನಲ್ಲಿ ಒಂದು ಷರತ್ತು ಇದ್ದರೆ ಹೊಡೆತ ಎಷ್ಟೋ ತಗ್ಗುತ್ತದೆ: ಕೆಳದರ್ಜೆಗೆ ಇಳಿದರೆ ಸಂಬಳವೂ ಇಷ್ಟು ಪಾಲು ಇಳಿಯುತ್ತದೆ ಎಂಬುದು. ಆಟಗಾರರ ಏಜೆಂಟರು ಇದನ್ನು ಒಪ್ಪಲು ಹಿಂಜರಿಯುತ್ತಾರೆ. ಒಪ್ಪದಿದ್ದರೆ ಆ ಆಟಗಾರನನ್ನು ಕೊಳ್ಳದಿರುವ ಧೈರ್ಯ ಆಡಳಿತ ಮಂಡಳಿಗೆ ಇರಬೇಕು.

ಪ್ರಶ್ನೆ: ಮ್ಯಾಂಚೆಸ್ಟರ್ ಯುನೈಟೆಡ್‌ಗೂ ದೊಡ್ಡ ಸಾಲ ಇದೆಯಲ್ಲ, ಅದೇಕೆ ಮುಳುಗಲಿಲ್ಲ?
– ಬೆಳಗಾವಿಯ ಓದುಗರು

ಉತ್ತರ: ಆದಾಯದಿಂದ ಬಡ್ಡಿ ಕಟ್ಟಲು ಆಗುತ್ತಿದೆ, ಅಷ್ಟೇ. 2005ರಲ್ಲಿ ಗ್ಲೇಜರ್ ಕುಟುಂಬ ಸುಮಾರು 79 ಕೋಟಿ ಪೌಂಡ್ ಮೌಲ್ಯದಲ್ಲಿ ಕ್ಲಬ್ಬನ್ನು ಕೊಂಡಿತು. ಹಣದ ದೊಡ್ಡ ಪಾಲು ಸಾಲದ್ದು, ಮತ್ತು ಆ ಸಾಲದ ಬಹುಭಾಗದ ಹೊರೆ ಬಿದ್ದಿದ್ದು ಕೊಂಡವರ ಮೇಲಲ್ಲ, ಅಲ್ಲಿಯವರೆಗೆ ಸಾಲವಿಲ್ಲದಿದ್ದ ಕ್ಲಬ್ಬಿನ ಮೇಲೆ. ಕ್ರೀಡಾಂಗಣ ಕಟ್ಟಲು ಮಾಡಿದ ಸಾಲ ಟಿಕೆಟ್ ರೂಪದಲ್ಲಿ ಮರಳುತ್ತದೆ. ಮಾಲೀಕತ್ವ ಬದಲಾಯಿಸಲು ಮಾಡಿದ ಸಾಲದಿಂದ ಕ್ಲಬ್ಬಿಗೆ ಒಂದು ಇಟ್ಟಿಗೆಯೂ ಸಿಗುವುದಿಲ್ಲ. ಇದು ಕಾನೂನಿಗೆ ಒಪ್ಪಿತವಾದದ್ದೇ. ಆದರೂ ಅಭಿಮಾನಿಗಳು ಸಿಟ್ಟಾಗಿ ಆ ವರ್ಷವೇ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂಬ ತಮ್ಮದೇ ಕ್ಲಬ್ ಕಟ್ಟಿಕೊಂಡದ್ದು ನ್ಯಾಯವಾಗಿಯೇ ಇತ್ತು.

ಪ್ರಶ್ನೆ: ನೂರು ಕೋಟಿ ಕೊಟ್ಟು ಆಟಗಾರನನ್ನು ಕೊಂಡರೂ ಆ ವರ್ಷದ ಲೆಕ್ಕದಲ್ಲಿ ಅಷ್ಟು ಖರ್ಚು ಕಾಣುವುದಿಲ್ಲವಂತೆ. ಇದು ಮೋಸವಲ್ಲವೇ?
– ಮಂಗಳೂರಿನ ಓದುಗರು

ಉತ್ತರ: ಮೋಸವಲ್ಲ, ಲೆಕ್ಕಶಾಸ್ತ್ರದ ಸಾಮಾನ್ಯ ಪದ್ಧತಿ. ಕೊಂಡ ಬೆಲೆಯನ್ನು ಕರಾರಿನ ವರ್ಷಗಳಿಗೆ ಹಂಚಿ ಬರೆಯುತ್ತಾರೆ. 10 ಕೋಟಿ ಪೌಂಡ್, 5 ವರ್ಷದ ಕರಾರು ಎಂದರೆ ವರ್ಷಕ್ಕೆ 2 ಕೋಟಿ ಖರ್ಚು. ಎರಡು ವರ್ಷದ ನಂತರ ಪುಸ್ತಕದಲ್ಲಿ ಆತನ ಬೆಲೆ 6 ಕೋಟಿ. ಆಗ ಆತನನ್ನು 7 ಕೋಟಿಗೆ ಮಾರಿದರೆ ಆ ವರ್ಷದ ಲೆಕ್ಕದಲ್ಲಿ 1 ಕೋಟಿ ‘ಲಾಭ’ ಕಾಣುತ್ತದೆ. ಕೈಯಿಂದ ಹೋದದ್ದು ಮಾತ್ರ 3 ಕೋಟಿ. ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹುಡುಗನ ಪುಸ್ತಕದ ಬೆಲೆ ಸೊನ್ನೆಯಾದ್ದರಿಂದ ಅವನನ್ನು ಮಾರಿದರೆ ಬಂದದ್ದೆಲ್ಲ ಲಾಭ. ಊರಿನ ಹುಡುಗರನ್ನೇ ಮೊದಲು ಮಾರುವ ಕೆಟ್ಟ ಚಾಳಿ ಬೆಳೆದದ್ದು ಇಲ್ಲಿಂದ.

ಚೆಲ್ಸಿ 2023ರ ಜನವರಿಯಲ್ಲಿ ಎನ್ಜೊ ಫರ್ನಾಂಡಿಸ್‌ರನ್ನು 10.68 ಕೋಟಿ ಪೌಂಡಿಗೆ ಕೊಂಡು ಎಂಟೂವರೆ ವರ್ಷದ ಕರಾರು ಮಾಡಿಕೊಂಡಿತು. ಐದು ವರ್ಷಕ್ಕೆ ಹಂಚಿದ್ದರೆ ವರ್ಷಕ್ಕೆ 2.1 ಕೋಟಿಗೂ ಹೆಚ್ಚು ಬೀಳುತ್ತಿತ್ತು, ಎಂಟೂವರೆಗೆ ಹಂಚಿದಾಗ ಸುಮಾರು 1.26 ಕೋಟಿ. ಅದೇ ವರ್ಷದ ಬೇಸಿಗೆಯಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ, ವರ್ಷದ ಕೊನೆಗೆ ಪ್ರೀಮಿಯರ್ ಲೀಗ್, ಹೊಸ ಕರಾರುಗಳನ್ನು ಐದು ವರ್ಷಕ್ಕಿಂತ ಹೆಚ್ಚಿಗೆ ಹಂಚಬಾರದೆಂದು ನಿಯಮ ತಂದವು.

ಲೆಕ್ಕ ಹೀಗೆ ಹಂಚಿಹೋದರೂ ಹಣ ಹೋಗುವುದು ಬೇರೆಯೇ ದಾರಿಯಲ್ಲಿ. ಮಾರಿದ ಕ್ಲಬ್ಬಿಗೆ ಸಾಮಾನ್ಯವಾಗಿ ಎರಡು ಮೂರು ಕಂತುಗಳಲ್ಲಿ ಕೊಡಬೇಕು. ಮಾರಿದ ಕ್ಲಬ್ಬು ಆ ಕಂತುಗಳನ್ನು ಬ್ಯಾಂಕಿಗೆ ವಹಿಸಿ, ಬಡ್ಡಿ ಮುರಿದುಕೊಂಡ ಹಣವನ್ನು ಇಂದೇ ಪಡೆಯುವುದೂ ಉಂಟು. ಹಾಗಾಗಿ ಲಾಭ ತೋರಿಸುವ ಕ್ಲಬ್ಬಿನ ಖಜಾನೆಯೂ ತಿಂಗಳ ಸಂಬಳದ ದಿನ ಖಾಲಿ ಇರಬಹುದು. ಕ್ಲಬ್ಬು ಸಾಯುವುದು ನಷ್ಟದಿಂದಲ್ಲ, ನಗದು ಇಲ್ಲದೆ.

ಪ್ರಶ್ನೆ: ಕ್ಲಬ್ ದಿವಾಳಿಯಾದಾಗ ಯಾರ ಹಣ ಹೋಗುತ್ತದೆ?
– ಹುಬ್ಬಳ್ಳಿಯ ಓದುಗರು

ಉತ್ತರ: ಊಟ ಒದಗಿಸಿದವರು, ಬಸ್ಸು ಬಿಟ್ಟವರು, ಹುಲ್ಲು ಕತ್ತರಿಸಿದವರು, ಪ್ರಥಮ ಚಿಕಿತ್ಸೆಗೆ ಬಂದು ನಿಂತವರು. ಇವರ ಹಣ.

ಕ್ರಮ ಹೀಗೆ ನಡೆಯುತ್ತದೆ. ಬಾಕಿ ತೆರಿಗೆಗಾಗಿ ಬ್ರಿಟನ್ನಿನ ತೆರಿಗೆ ಇಲಾಖೆಯು ಕಂಪನಿಯನ್ನು ಮುಚ್ಚಿಸುವಂತೆ ಕೋರ್ಟಿಗೆ ಅರ್ಜಿ ಹಾಕುತ್ತದೆ. ಅದರ ಪ್ರಕಟಣೆ ಹೊರಬಿದ್ದ ಕೂಡಲೇ ಬ್ಯಾಂಕುಗಳು ಖಾತೆ ತಡೆಹಿಡಿಯುತ್ತವೆ. ಕ್ಲಬ್ಬು ಅಡ್ಮಿನಿಸ್ಟ್ರೇಶನ್‌ಗೆ ಹೋಗುತ್ತದೆ, ಅಂದರೆ ಮಾಲೀಕರನ್ನು ಬದಿಗಿಟ್ಟು ದಿವಾಳಿ ತಜ್ಞರೊಬ್ಬರು ವ್ಯವಹಾರ ವಹಿಸಿಕೊಳ್ಳುತ್ತಾರೆ. ಸಾಲ ಕೊಟ್ಟವರ ಪೈಕಿ, ಮೊತ್ತದ ಲೆಕ್ಕದಲ್ಲಿ, ಶೇ 75ರಷ್ಟು ಮಂದಿ ಒಪ್ಪಿದರೆ ಪೌಂಡಿಗೆ ಇಷ್ಟು ಪೆನ್ಸ್ ಎಂದು ತೀರಿಸಿ ಕ್ಲಬ್ಬು ಹೊರಬರುತ್ತದೆ. ಒಪ್ಪದಿದ್ದರೆ ಕಂಪನಿಗೆ ಬೀಗ. ಅಡ್ಮಿನಿಸ್ಟ್ರೇಶನ್‌ಗೆ ಹೋದ ಕ್ಲಬ್ಬಿಗೆ, ಪ್ರೀಮಿಯರ್ ಲೀಗಿನ ಕೆಳಗಿನ ದರ್ಜೆಗಳಾದ ಇಂಗ್ಲಿಷ್ ಫುಟ್‌ಬಾಲ್ ಲೀಗಿನಲ್ಲಿ 12 ಅಂಕ ಕಡಿತ. ಪ್ರೀಮಿಯರ್ ಲೀಗಿನಲ್ಲಿ 9.

2008ರಲ್ಲಿ ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಗೆದ್ದ ಪೋರ್ಟ್ಸ್‌ಮತ್, 2010ರ ಫೆಬ್ರುವರಿಯಲ್ಲಿ ಅಡ್ಮಿನಿಸ್ಟ್ರೇಶನ್‌ಗೆ ಹೋದ ಮೊದಲ ಪ್ರೀಮಿಯರ್ ಲೀಗ್ ಕ್ಲಬ್ಬಾಯಿತು. ಆಗ ಹಣ ಬರಬೇಕಿದ್ದ ಸಾಮಾನ್ಯರಿಗೆ ಒಪ್ಪಿಸಿದ ದರ ಪೌಂಡಿಗೆ 20 ಪೆನ್ಸ್. ಕ್ಲಬ್ಬಿನಿಂದ ಹಣ ಬರಬೇಕಿದ್ದವರ ಪಟ್ಟಿಯಲ್ಲಿ ಸೇಂಟ್ ಜಾನ್ ಆಂಬುಲೆನ್ಸ್ ಎಂಬ ಸೇವಾಸಂಸ್ಥೆಯೂ ಇತ್ತು. ಆಟಗಾರರಿಗೂ ಬೇರೆ ಕ್ಲಬ್ಬುಗಳಿಗೂ ಮಾತ್ರ ಪೂರ್ತಿ ಹಣ. ‘ಫುಟ್‌ಬಾಲ್ ಬಾಕಿ’ಯನ್ನು ಇಡಿಯಾಗಿ ತೀರಿಸದಿದ್ದರೆ ಲೀಗಿನಲ್ಲಿ ಆಡಲು ಬಿಡುವುದಿಲ್ಲ ಎಂಬುದು ನಿಯಮ. ಬೆಲೆ ಕೊಡದೆ ಆಟಗಾರನನ್ನು ತಂದು, ಮಾರಿದವರನ್ನೇ ಅವನಿಂದ ಸೋಲಿಸುವಂತಾದರೆ ಲೀಗ್ ಉಳಿಯದು ಎಂದು ಲೀಗಿನ ವಾದ. ತೆರಿಗೆ ಇಲಾಖೆ ಇದರ ವಿರುದ್ಧ ಹೈಕೋರ್ಟಿಗೆ ಹೋಗಿ 2012ರಲ್ಲಿ ಸೋತಿತು. 2020ರ ಡಿಸೆಂಬರಿನಿಂದ ಕಾನೂನು ಬದಲಾಗಿ, ಸಂಬಳದಿಂದ ಮುರಿದ ತೆರಿಗೆ ಹಾಗೂ ವ್ಯಾಟ್ ಬಾಕಿಗೆ ತೆರಿಗೆ ಇಲಾಖೆ ಸಾಲಿನಲ್ಲಿ ಮುಂದೆ ಬಂತು. ಹಾಗಾಗಿ ಬಸ್ಸಿನವರು, ಊಟದವರು ಇನ್ನೂ ಹಿಂದಕ್ಕೆ ಸರಿದರು. ಲೀಗಿನ ವಾದದಲ್ಲಿ ಹುರುಳಿದೆ. ಆದರೆ ಕೋಟಿ ಎಣಿಸುವ ಆಟಗಾರನಿಗೆ ಪೂರ್ತಿ, ಊಟ ಬಡಿಸಿದವರಿಗೆ ಐದನೇ ಒಂದು ಪಾಲು ಎಂಬ ಏರ್ಪಾಡನ್ನು ಯಾವ ವಾದದಿಂದಲೂ ಸಮರ್ಥಿಸಲಾಗದು.

ಸ್ಕಾಟ್ಲೆಂಡಿನ ರೇಂಜರ್ಸ್ ಹೊರಬರಲೇ ಇಲ್ಲ. 2011ರ ಮೇ ತಿಂಗಳಲ್ಲಿ ಕ್ರೇಗ್ ವೈಟ್ ಎಂಬ ಉದ್ಯಮಿ 1 ಪೌಂಡಿಗೆ ಕ್ಲಬ್ ಕೊಂಡರು, ಬ್ಯಾಂಕಿನ ಸುಮಾರು 1.8 ಕೋಟಿ ಪೌಂಡ್ ಸಾಲ ತೀರಿಸುವ ಷರತ್ತಿನ ಮೇಲೆ. ತೀರಿಸಿದ್ದು ಮುಂದಿನ ವರ್ಷಗಳ ಸೀಸನ್ ಟಿಕೆಟ್ಟುಗಳನ್ನು ಟಿಕೆಟಸ್ ಎಂಬ ಸಂಸ್ಥೆಗೆ ಮುಂಗಡವಾಗಿ ಮಾರಿ ಬಂದ ಹಣದಿಂದ. ಅಭಿಮಾನಿಗಳ ಹಣದಿಂದಲೇ ಅಭಿಮಾನಿಗಳ ಕ್ಲಬ್ಬನ್ನು ಕೊಂಡಂತಾಯಿತು. ಮುಂದೆ ತಿಂಗಳ ಖರ್ಚಿಗೆ ಹಣವಿಲ್ಲದೆ ಆಟಗಾರರ ಸಂಬಳದಿಂದ ಮುರಿದ ತೆರಿಗೆಯನ್ನು ಕಟ್ಟದೆ ಉಳಿಸಿಕೊಂಡರು. 2012ರ ಫೆಬ್ರುವರಿ 14ರಂದು ಅಡ್ಮಿನಿಸ್ಟ್ರೇಶನ್. ಜೂನಿನಲ್ಲಿ ತೆರಿಗೆ ಇಲಾಖೆ ರಾಜಿ ಸೂತ್ರವನ್ನು ತಿರಸ್ಕರಿಸಿದ್ದರಿಂದ ಹಳೆಯ ಕಂಪನಿ ಮುಚ್ಚಿತು. ತಂಡ ಹೊಸ ಕಂಪನಿಯ ಕೈಕೆಳಗೆ ನಾಲ್ಕನೆಯ ದರ್ಜೆಯಿಂದ ಆಟ ಶುರುಮಾಡಿತು.

ಪ್ರಶ್ನೆ: ಮಾಲೀಕರೇ ಕ್ರೀಡಾಂಗಣವನ್ನು ಕೊಂಡುಕೊಂಡರೆ ಅಭಿಮಾನಿಗಳು ಗಾಬರಿಯಾಗುವುದೇಕೆ?
– ಮೈಸೂರಿನ ಓದುಗರು

ಉತ್ತರ: ಮೈದಾನ ಕೈಬಿಟ್ಟ ಕ್ಲಬ್ಬಿಗೆ ಆಮೇಲೆ ಒತ್ತೆಯಿಡಲೂ ಏನೂ ಇಲ್ಲ, ಮಾರಲೂ ಏನೂ ಇಲ್ಲ. ಡರ್ಬಿ ಕೌಂಟಿಯ ಮಾಲೀಕ ಮೆಲ್ ಮಾರಿಸ್ 2018ರಲ್ಲಿ ಪ್ರೈಡ್ ಪಾರ್ಕ್ ಕ್ರೀಡಾಂಗಣವನ್ನು ಕ್ಲಬ್ಬಿನಿಂದ ತಮ್ಮದೇ ಇನ್ನೊಂದು ಕಂಪನಿಗೆ 8.11 ಕೋಟಿ ಪೌಂಡಿಗೆ ಬರೆಸಿಕೊಂಡರು. ಆ ವರ್ಷದ ನಷ್ಟ ಲೆಕ್ಕದಲ್ಲಿ ಲಾಭವಾಗಿ ಕಂಡಿತು, ಲೀಗ್ ಹಾಕಿದ ನಷ್ಟದ ಮಿತಿ ದಾಟಿದ ದಂಡವೂ ಆಗ ತಪ್ಪಿತು. ಖರ್ಚಿನ ರೀತಿ ಮಾತ್ರ ಬದಲಾಗಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಅಡ್ಮಿನಿಸ್ಟ್ರೇಶನ್, 12 ಅಂಕ ಕಡಿತ; ಲೆಕ್ಕಪತ್ರದ ಉಲ್ಲಂಘನೆಗೆ ಮತ್ತೆ 9. ಒಟ್ಟು 21 ಅಂಕ ಕಳೆದುಕೊಂಡ ತಂಡ ಮೂರನೆಯ ದರ್ಜೆಗೆ ಇಳಿಯಿತು. ಕೊಳ್ಳಲು ಬಂದವರಿಗೆ ಕ್ಲಬ್ ಒಂದು ಕಡೆ, ಕ್ರೀಡಾಂಗಣ ಇನ್ನೊಂದು ಕಡೆ ಎಂಬುದೇ ತೊಡಕಾಯಿತು. ಕೊನೆಗೆ ಡೇವಿಡ್ ಕ್ಲೋಸ್ 2022ರಲ್ಲಿ ಮೊದಲು ಕ್ರೀಡಾಂಗಣ ಕೊಂಡು, ಆಮೇಲೆ ಕ್ಲಬ್ ಕೊಂಡರು.

ಇಂಗ್ಲೆಂಡಿನ ‘ಬರಿ’ (Bury) ಎಂಬ ಕ್ಲಬ್ಬಿನ ಕಥೆ ಇನ್ನೂ ಕೆಟ್ಟದ್ದು. 1885ರಲ್ಲಿ ಹುಟ್ಟಿ ಎರಡು ಸಲ ಎಫ್‌ಎ ಕಪ್ ಗೆದ್ದ ಕ್ಲಬ್ಬು ಅದು. ಮೈದಾನದ ಮೇಲೆ ಸಾಲ, ವಾಹನ ನಿಲುಗಡೆಯ ಜಾಗಗಳನ್ನೂ ಹೂಡಿಕೆಯ ಹೆಸರಲ್ಲಿ ಮಾರಾಟ. ಸಂಬಳ ಸರಿಯಾಗಿ ಸಿಗದಿದ್ದರೂ ಆಟಗಾರರು 2019ರಲ್ಲಿ ತಂಡವನ್ನು ಮೇಲಿನ ದರ್ಜೆಗೆ ಏರಿಸಿದರು. ಕೆಲವೇ ತಿಂಗಳಲ್ಲಿ, ಆಗಸ್ಟ್ 27ರಂದು, ಹಣದ ಪುರಾವೆ ತೋರಿಸಲಾಗದೆ ಕ್ಲಬ್ಬು ಲೀಗಿನಿಂದ ಹೊರಬಿತ್ತು.

ಪ್ರಶ್ನೆ: ಬೆಂಗಳೂರು ಎಫ್‌ಸಿ 2025ರಲ್ಲಿ ಸಂಬಳ ನಿಲ್ಲಿಸಿದ್ದೂ ಇದೇ ರೋಗವೇ?
– ಬೆಂಗಳೂರಿನ ಓದುಗರು

ಉತ್ತರ: ಅಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಮತ್ತು ಲೀಗ್ ನಡೆಸುವ ಸಂಸ್ಥೆಯ ನಡುವಿನ 15 ವರ್ಷದ ಒಪ್ಪಂದ 2025ರ ಡಿಸೆಂಬರಿನಲ್ಲಿ ಮುಗಿಯುವುದಿತ್ತು. ನವೀಕರಣ ಆಗದೆ ಇಂಡಿಯನ್ ಸೂಪರ್ ಲೀಗಿನ ಹೊಸ ಋತುವನ್ನು ಜುಲೈನಲ್ಲಿ ತಡೆಹಿಡಿದರು. ಪಂದ್ಯ ಇಲ್ಲದಿದ್ದರೆ ಟಿಕೆಟ್ ಇಲ್ಲ, ಪ್ರಾಯೋಜಕರೂ ಇಲ್ಲ. ಕರಾರಿನ ಸಂಬಳ ಮಾತ್ರ ನಡೆಯುತ್ತಲೇ ಇರುತ್ತದೆ. ಆಗಸ್ಟಿನಲ್ಲಿ ಕ್ಲಬ್ಬು ಹಿರಿಯರ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಇಲ್ಲಿ ಸಾಲ ಕೊಟ್ಟವರ ಕಾಟಕ್ಕಿಂತ ಮಾಲೀಕರ ಜೇಬೊಂದನ್ನೇ ನಂಬಿ ನಡೆಯುವ ವ್ಯವಸ್ಥೆ ದೊಡ್ಡ ತೊಂದರೆ. ಹೊರೆ ಬಿದ್ದದ್ದು ಮಾತ್ರ ಅಲ್ಲಿಯಂತೆ ಇಲ್ಲಿಯೂ ಸಂಬಳದವರ ಮೇಲೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ನೆಲೆಸಿದ್ದೇವೆ. ನಮ್ಮ ಊರಿನ ಸಣ್ಣ ಕ್ಲಬ್ಬಿನ ಸೀಸನ್ ಟಿಕೆಟ್ ಕೊಳ್ಳುವ ಮುನ್ನ ಅದರ ಸ್ಥಿತಿಯನ್ನು ನಾವೇ ನೋಡಿಕೊಳ್ಳಬಹುದೇ?
– ಶೆಫೀಲ್ಡಿನಲ್ಲಿರುವ ಕನ್ನಡಿಗರು

ಉತ್ತರ: ಖಂಡಿತ, ಒಂದು ಸಂಜೆ ಸಾಕು. ಕಂಪನೀಸ್ ಹೌಸ್ ಜಾಲತಾಣದಲ್ಲಿ ಎಲ್ಲ ಕಂಪನಿಗಳ ಲೆಕ್ಕಪತ್ರ ಉಚಿತ. ಕ್ಲಬ್ಬಿನ ಹೆಸರಿನ ಕಂಪನಿಯ ಜೊತೆಗೆ ಅದರ ಮೇಲಿರುವ ಮೂಲ ಕಂಪನಿಯನ್ನೂ ಹುಡುಕಿ, ಸಾಲ ಎಷ್ಟೋ ಸಲ ಅಲ್ಲಿ ಕೂತಿರುತ್ತದೆ.

ಮೊದಲು ತಾರೀಖು ನೋಡಿ. ಖಾಸಗಿ ಕಂಪನಿ ವರ್ಷ ಮುಗಿದ 9 ತಿಂಗಳೊಳಗೆ ಲೆಕ್ಕ ಸಲ್ಲಿಸಬೇಕು. ಜೂನ್ 30ಕ್ಕೆ ವರ್ಷ ಮುಗಿದರೆ ಮಾರ್ಚ್ 31ರ ಒಳಗೆ. ತಡವಾಗಿದ್ದರೆ ಅದೇ ಮೊದಲ ಎಚ್ಚರಿಕೆ. ಆಮೇಲೆ ಲೆಕ್ಕ ಪರಿಶೋಧಕರ ವರದಿಯಲ್ಲಿ, ಕಂಪನಿ ಮುಂದುವರಿಯುವ ಬಗ್ಗೆ ‘ಗಣನೀಯ ಅನಿಶ್ಚಿತತೆ’ ಇದೆ ಎಂಬ ಪ್ಯಾರಾ ಇದೆಯೇ ನೋಡಿ. ಸಂಬಳದ ಮೊತ್ತವನ್ನು ಒಟ್ಟು ಆದಾಯದಿಂದ ಭಾಗಿಸಿ. ಶೇ 70ರ ಒಳಗಿದ್ದರೆ ಸಮಾಧಾನ; 100 ದಾಟಿದ್ದರೆ ಮಾಲೀಕರು ತಿಂಗಳು ತಿಂಗಳೂ ಹಣ ಸುರಿಯುತ್ತಿದ್ದಾರೆ ಎಂದರ್ಥ, ಅವರು ಬೇಸತ್ತ ದಿನ ಕಥೆ ಮುಗಿಯಿತು.

ಹೆಚ್ಚಿನವರು ನೋಡದೆ ಬಿಡುವ ಸಾಲೊಂದಿದೆ: ಒಂದು ವರ್ಷದೊಳಗೆ ಕೊಡಬೇಕಾದ ಬಾಕಿಗಳ ವಿವರದಲ್ಲಿ ‘ಇತರ ತೆರಿಗೆ ಮತ್ತು ಸಾಮಾಜಿಕ ಭದ್ರತೆ’. ಸಂಬಳ ಹೆಚ್ಚದಿದ್ದರೂ ಈ ಸಾಲಿನ ಮೊತ್ತ ಹಿಂದಿನ ವರ್ಷದ ಎರಡರಷ್ಟಾಗಿದ್ದರೆ, ನೌಕರರಿಂದ ಮುರಿದ ತೆರಿಗೆಯನ್ನು ಕ್ಲಬ್ಬು ತನ್ನ ಖರ್ಚಿಗೆ ಬಳಸುತ್ತಿರಬಹುದು. ರೇಂಜರ್ಸ್ ಕುಸಿದ ದಾರಿ ಇದೇ. ಒತ್ತೆಗಳ ಪಟ್ಟಿಯಲ್ಲಿ ಮೈದಾನದ ಮೇಲೆ ಯಾರ ಹಕ್ಕು ದಾಖಲಾಗಿದೆ ನೋಡಿ. ಸಾಮಾನ್ಯ ಬ್ಯಾಂಕಿನ ಬದಲು ಅಲ್ಪಾವಧಿ ಸಾಲ ಕೊಡುವ ಕಂಪನಿಯ ಹೆಸರಿದ್ದರೆ ಬಡ್ಡಿ ದುಬಾರಿ ಎಂದೇ ತಿಳಿಯಿರಿ. ಮೈದಾನ ಯಾರ ಹೆಸರಲ್ಲಿದೆ ಎಂಬುದಕ್ಕೆ ಭೂ ನೋಂದಣಿ ಇಲಾಖೆಗೆ ಕೆಲವೇ ಪೌಂಡ್ ಶುಲ್ಕ. ನಿಮ್ಮ ಊರಿನ ಶೆಫೀಲ್ಡ್ ವೆನ್ಸ್‌ಡೇಯ ಹಿಲ್ಸ್‌ಬರೊ ಕ್ರೀಡಾಂಗಣವನ್ನೂ ಮಾಲೀಕರು ತಮ್ಮ ಬೇರೆ ಕಂಪನಿಗೆ ವರ್ಗಾಯಿಸಿದ್ದರು. ಸಂಬಳ ತಡವಾಗುತ್ತ ಬಂದು 2025ರ ಅಕ್ಟೋಬರಿನಲ್ಲಿ ಕ್ಲಬ್ಬು ಅಡ್ಮಿನಿಸ್ಟ್ರೇಶನ್‌ಗೆ ಹೋಯಿತು.

ಲೆಕ್ಕಪತ್ರ ಹೊರಬರುವ ಹೊತ್ತಿಗೆ ಮುಕ್ಕಾಲು ವರ್ಷ ಹಳೆಯದು. ಆದ್ದರಿಂದ ಕಂಪನಿ ಮುಚ್ಚಿಸುವ ಅರ್ಜಿಗಳು ಪ್ರಕಟವಾಗುವ ‘ಗೆಜೆಟ್’ನಲ್ಲಿಯೂ ಕ್ಲಬ್ಬಿನ ಹೆಸರು ಹುಡುಕಿ. ಮುಂದಿನ ಎರಡು ಮೂರು ಋತುವಿನ ಟಿಕೆಟ್ ಒಟ್ಟಿಗೆ ಕೊಂಡರೆ ಭಾರಿ ರಿಯಾಯಿತಿ ಎಂದು ಕ್ಲಬ್ಬು ಒತ್ತಾಯಿಸುತ್ತಿದ್ದರೆ ಒಂದು ಋತುವಿನದಷ್ಟೇ ಕೊಳ್ಳಿ, ಅದೂ ಕ್ರೆಡಿಟ್ ಕಾರ್ಡಿನಲ್ಲಿ. ಕಾನೂನಿನಲ್ಲಿರುವ ಮೊತ್ತದ ಮಿತಿಯೊಳಗೆ ಇದ್ದರೆ, ಕ್ಲಬ್ಬು ಮುಳುಗಿದರೂ ಕಾರ್ಡ್ ಕೊಟ್ಟ ಬ್ಯಾಂಕಿನಿಂದ ಹಣ ವಾಪಸ್ ಕೇಳಲು ದಾರಿ ಇರುತ್ತದೆ.